ಬಲಗೈಗೊಂದು ಬಿಡುವು

ನಡುರಾತ್ರಿ ಎರಡು ಗಂಟೆಗೆ ಯಾರಾದರೂ ಕೈ ಝಾಡಿಸುವ ಸಪ್ಪಳ ಕೇಳಿದ್ದೀರಾ? ತೊಳೆದ ಕೈಯಿಂದ ನೀರು ಕೊಡವಿದ ಹಾಗೆ, ಪಟಪಟ ಎಂದು ಗಾಳಿಗೆ ಬಡಿಯುವ ಸಪ್ಪಳ. ಹೋದ ವರ್ಷ ಹಟ್ಟಿಹಬ್ಬ ಕಳೆದ ಮೇಲೆ ನಮ್ಮ ಮನೆಯಲ್ಲಿ ಅದು ದಿನಾಲು ಶುರುವಾಯಿತು. ನಾನು ಎಚ್ಚರಾಗಿ, "ಏನಾತ್ರೀ?" ಎಂದು ಕೇಳಿದರೆ, "ಏನಿಲ್ಲ, ಕೈ ಜೋಮು ಹಿಡದೈತಿ, ನೀ ಮಲಕೋ" ಎನ್ನುವರು. ಗಂಡಸರ "ಏನಿಲ್ಲ" ಎಂಬ ಮಾತಿನೊಳಗೆ ಏನೇನಿರುತ್ತದೆ ಎಂಬುದು ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿಲ್ಲವೆ? ಆದರೂ ಮಗ್ಗಲು ಬದಲಿಸಿ ಸುಮ್ಮನಾಗುತ್ತಿದ್ದೆ.

ಒಂದು ಮುಂಜಾನೆ ಚಹಾದ ಕಪ್ಪು ಅವರ ಬಲಗೈಯಿಂದ ಜಾರಿ ಬಸಿಯ ಮೇಲೆ ಬಿದ್ದು, ಎರಡೂ ಚೂರಾದವು. "ಕಪ್ ಬಾಳ ಬಿಸಿ ಇತ್ತು" ಎಂದರು. ಮುಟ್ಟಿ ನೋಡಿದೆ, ಚಹಾ ಆರಿ ತಣ್ಣಗಾಗಿತ್ತು. ಅವತ್ತು ನನ್ನ ಎದೆ ಧಸಕ್ಕೆಂದಿತು.

ನಮ್ಮದು ರೋಣ. ನಮ್ಮವರದು ಸೀರೆ ವ್ಯಾಪಾರ. ಗಜೇಂದ್ರಗಡದ ನೇಕಾರರಿಂದ ಸೀರೆ ತರುವುದು, ರೋಣದಲ್ಲಿಷ್ಟು, ನಡುವಿನ ಹಳ್ಳಿಗಳಲ್ಲಿಷ್ಟು, ಉಳಿದಿದ್ದು ನರಗುಂದದ ಅಂಗಡಿಗಳಿಗೆ ಹಾಕಿ ಬರುವುದು. ರೋಣದಿಂದ ಮೂಡಲಕ್ಕೆ ಗಜೇಂದ್ರಗಡ ಮೂವತ್ತು ಕಿಲೋಮೀಟರಿನ ಆಸುಪಾಸು, ಪಡುವಲಕ್ಕೆ ನರಗುಂದ ಅದಕ್ಕಿಂತಲೂ ದೂರ. ವಾರದಲ್ಲಿ ನಾಲ್ಕು ದಿನ ಸೀರೆಯ ಗಂಟು ಹಿಂದೆ ಕಟ್ಟಿಕೊಂಡು ಸೈಕಲ್‌ಮೋಟರಿನ ಮೇಲೆ ಇದೇ ತಿರುಗಾಟ. ಗಾಡಿಗೆ ಹದಿಮೂರು ವರ್ಷ, ಅವರಿಗೆ ಐವತ್ತೊಂದು.

ಗಾಡಿ ಓಡಿಸದವರಿಗಾಗಿ ಒಂದು ಮಾತು ಹೇಳಬೇಕು. ಹ್ಯಾಂಡಲಿನ ಬಲಗಡೆಯ ಹಿಡಿಯನ್ನು ತಮ್ಮ ಕಡೆ ತಿರುವಿದರೆ ರೇಸ್ ಏರುತ್ತದೆ. ಆ ಹಿಡಿಯಿಂದ ಒಂದು ತಂತಿಯ ಕೇಬಲ್ಲು ಎಂಜಿನ್ನಿನ ಹತ್ತಿರದ ಕಾರ್ಬುರೇಟರಿಗೆ ಹೋಗುತ್ತದೆ. ಅಲ್ಲೊಂದು ಸ್ಪ್ರಿಂಗು. ಕೈ ಸಡಿಲ ಬಿಟ್ಟರೆ ಸ್ಪ್ರಿಂಗು ಕೇಬಲ್ಲನ್ನು ಎಳೆದು ರೇಸನ್ನು ತಾನೇ ಮುಚ್ಚಿಬಿಡುತ್ತದೆ. ಅಂದರೆ ಗಾಡಿ ಓಡುವಷ್ಟು ಹೊತ್ತೂ ಬಲಗೈ ಆ ಸ್ಪ್ರಿಂಗಿನ ಜೊತೆ ಜಗ್ಗಾಟ ನಡೆಸಿಯೇ ಇರಬೇಕು. ಎಡಗೈಗೆ ಬೇಕಾದಾಗ ಬಿಡುವುಂಟು. ಮೂಗು ಒರೆಸಬಹುದು, ಟೋಪಿ ಸರಿಮಾಡಿಕೊಳ್ಳಬಹುದು. ಬಲಗೈಗೆ ಮಾತ್ರ ಬಿಡುವಿಲ್ಲ. ನಮ್ಮ ಸೀಮೆಯ ಎರೆ ಭೂಮಿಯೋ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವಂಥದು. ಅದರ ಮೇಲೆ ಹಾಸಿದ ಡಾಂಬರು ತೆರೆತೆರೆಯಾಗಿ ಏಳುತ್ತದೆ. ಆ ಕುಲುಕಾಟವೆಲ್ಲ ಮಣಿಕಟ್ಟಿಗೇ ಬಂದು ಬಡಿಯುತ್ತದೆ.

ಕಪ್ಪು ಒಡೆದ ವಾರದಲ್ಲೇ ಗಾಡಿ ಒರೆಸಲು ಹೋದ ನನಗೆ ಹೊಸದೊಂದು ಕಂಡಿತು. ಬಲಗಡೆಯ ಹಿಡಿಗೂ ಅದರ ಪಕ್ಕದ ಸ್ವಿಚ್ಚಿನ ಡಬ್ಬಿಗೂ ಸೇರಿಸಿ, ಸೈಕಲ್ ಟ್ಯೂಬಿನ ಬಳೆಯೊಂದನ್ನು ಕೊಯ್ದು ಬಿಗಿಯಾಗಿ ಏರಿಸಿದ್ದರು. ಹಿಡಿ ತಿರುವಿ ಬಿಟ್ಟೆ. ಅದು ಬಿಟ್ಟಲ್ಲೇ ನಿಂತಿತು! ಕೇಳಿದರೆ, "ನಮ್ಮ ಟ್ರ್ಯಾಕ್ಟರಿಗೆ ಕೈ ಎಕ್ಸಲೇಟರ್ ಇರೋದಿಲ್ಲೇನು? ಇಟ್ಟಲ್ಲೇ ನಿಂದರತೈತಿ. ಹಂಗ ಮಾಡೇನಿ. ಸಪಾಟ ರಸ್ತೆ ಬಂದಾಗ ಕೈ ಒಂದೀಟು ಬಿಟ್ಟು ಝಾಡಿಸಿಕೋಬಹುದು" ಎಂದರು. ಟ್ರ್ಯಾಕ್ಟರಿಗೆ ನಾಲ್ಕು ಗಾಲಿ, ಈ ಬಡಪಾಯಿಗೆ ಎರಡೇ ಎಂದು ನಾನು ಹೇಳುವುದರೊಳಗೆ ಕಿಕ್ ಹೊಡೆದು ಹೋಗಿಬಿಟ್ಟರು.

ನಾನು ಎಸ್ಸೆಸ್ಸೆಲ್ಸಿಗೆ ನಿಂತವಳು. ಗಾಡಿಯ ವಿದ್ಯೆ ನನಗೇನು ಗೊತ್ತು? ಆದರೆ ಗೊತ್ತಿದ್ದವರನ್ನು ಕೇಳಲು ಯಾವ ಪರೀಕ್ಷೆ ಪಾಸಾಗಬೇಕು? ನಮ್ಮ ಓಣಿಯ ತುದಿಯ ಗ್ಯಾರೇಜಿನ ಮಿಸ್ತ್ರಿಯನ್ನು ಕೇಳಿದೆ. ವಯಸ್ಸಾದ ಮನುಷ್ಯ, ಹತ್ತಾರು ಬಗೆಯ ಗಾಡಿ ಬಿಚ್ಚಿ ಕಟ್ಟಿದವರು.

"ಅಕ್ಕಾರ, ಇದು ಹೊಸಾದಲ್ಲ. ಹಳೇ ಬುಲೆಟ್ಟಿನ ಎಕ್ಸಲೇಟರಿಗೆ ತಳಗ ಒಂದು ಸಣ್ಣ ಸ್ಕ್ರೂ ಇರತಿತ್ತು. ಅದನ್ನ ಬಿಗಿ ಮಾಡಿದ್ರ ಹಿಡಿ ಬಿರುಸಾಗಿ ಇಟ್ಟಲ್ಲೇ ನಿಲ್ಲತಿತ್ತು. ಮುಂದ ಬಂದ ಗಾಡಿಗಳಿಗೆ ಅದನ್ನ ಯಾಕ ಇಡಲಿಲ್ಲ ಹೇಳ್ರಿ? ಬಿದ್ದರ ಗಾಡಿ ತಾನ ಸುಮ್ಮಾಗಬೇಕು, ಅದಕ್ಕ! ಟ್ಯೂಬು ಮೊದಲ ತಗಸ್ರಿ. ಬಿಸಿಲಿಗೆ ರಬ್ಬರು ಅಂಟಂಟಾಗತೈತಿ. ಒಮ್ಮೆ ಹಿಡೀತಂದ್ರ ಬಿಡೂದಿಲ್ಲ."

ಬುಲೆಟ್ಟೆಂದರೆ 1955ರಲ್ಲಿ ಮದ್ರಾಸಿನಲ್ಲಿ ಜೋಡಣೆ ಶುರುವಾದ ಗಾಡಿ. ನನ್ನ ಅಪ್ಪನ ಕಾಲದ್ದು. ಅದರ ಕೂಡ ಇಂಥ ಚಾಳಿ ಇತ್ತೆಂದು ಕೇಳಿ ಸೋಜಿಗವಾಯಿತು. ಟ್ಯೂಬನ್ನು ನಾನೇ ಕತ್ತರಿಯಿಂದ ಕತ್ತರಿಸಿ ಒಗೆದೆ. ಆ ಸಂಜೆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ.

ಸುದ್ದಿ ಹುಬ್ಬಳ್ಳಿಯಲ್ಲಿರುವ ಮಗನವರೆಗೆ ಹೋಯಿತು. "ಅವ್ವಾ, ಅದಕ್ಕಂತನ ಸಾಮಾನು ಬರತೈತಿ, ಥ್ರಾಟಲ್ ಲಾಕ್ ಅಂತಾರ. ನಾ ಕಳಸ್ತೀನಿ" ಎಂದು ಫೋನಿನಲ್ಲಿ ಹೇಳಿ, ಎರಡು ದಿನದಲ್ಲಿ ಕೊರಿಯರ್ ಮಾಡಿಯೇಬಿಟ್ಟ. ಡಬ್ಬಿ ಬಿಚ್ಚಿದರೆ ಒಂದು ಪ್ಲಾಸ್ಟಿಕ್ ಬಳೆ, ಅದಕ್ಕೊಂದು ಗಿಡ್ಡ ಬಾಲ. ಇಷ್ಟೇನಾ ಎನಿಸಿತು.

ಅದನ್ನು ಕೂಡಿಸುವಾಗ ಟಾರ್ಚು ಹಿಡಿದವಳು ನಾನೇ, ಆದ್ದರಿಂದ ರೀತಿ ಬಾಯಿಪಾಠವಾಗಿದೆ. ಬಳೆಗೆ ಒಂದು ಕಡೆ ಸೀಳು ಇರುತ್ತದೆ. ಅದನ್ನು ಅಗಲಿಸಿ ಬಲಗಡೆಯ ಹಿಡಿಗೆ ತೊಡಿಸಬೇಕು. ಬಾಲ ಮುಂದಿನ ಬ್ರೇಕಿನ ಸರಳಿನ ಮೇಲೆ ಬಂದು ಕೂಡಬೇಕು. ಬೇಕಾದಷ್ಟು ರೇಸ್ ಕೊಟ್ಟು ಬಾಲವನ್ನು ಬ್ರೇಕಿನ ಸರಳಿಗೆ ಒತ್ತಿದರೆ, ಹಿಡಿ ಹಿಂದಕ್ಕೆ ಹೋಗಲು ಸರಳು ಬಿಡುವುದಿಲ್ಲ. ರೇಸ್ ನಿಂತಲ್ಲೇ ನಿಲ್ಲುತ್ತದೆ. ಮುಚ್ಚಬೇಕಾದರೆ ಹಿಡಿಯನ್ನು ಕೈಯಿಂದ ಮುಂದಕ್ಕೆ ತಿರುವಬೇಕು. ಆಗ ಬಳೆ ಹಿಡಿಯ ಮೇಲೆ ಜಾರಿ ದಾರಿ ಕೊಡುತ್ತದೆ. ಜಾರಬೇಕು, ಅದೇ ಅದರ ಗುಟ್ಟು. ಬೇರೆ ನಮೂನೆಯವೂ ಇವೆ. ಹ್ಯಾಂಡಲಿನ ತುದಿಯ ಗುಂಡು ತೆಗೆದು ಅಲ್ಲಿ ತಿರುಪುವ ಉಂಗುರ ಒಂದು. ಅದು ಹಿಡಿಯ ತುದಿಯನ್ನು ಒತ್ತಿ ಹಿಡಿಯುತ್ತದೆ. ಲಾಕೇ ಅಲ್ಲದ, ಅಂಗೈ ಊರಲು ಅಗಲವಾದ ಪಟ್ಟಿ ಇನ್ನೊಂದು.

ಬಾಲದ ಬಳೆ ನಮ್ಮ ಹಿಡಿಗೆ ಕೂತಿತೇನೋ ನಿಜ, ಆದರೆ ಹದಿಮೂರು ವರ್ಷದ ಹಿಡಿ ಸವೆದು ನುಣ್ಣಗಾಗಿತ್ತು. ಬಳೆ ತೀರ ಜಾರುತ್ತಿತ್ತು. ನಮ್ಮವರು ಸುಮ್ಮನಿರುವ ಪೈಕಿಯೆ? ನಾನು ಒಳಗೆ ಒಲೆಯ ಮುಂದಿದ್ದಾಗ, ಕತ್ತರಿಸಿ ಒಗೆದ ಅದೇ ಟ್ಯೂಬಿನ ಚೂರನ್ನು ಹುಡುಕಿ ತಂದು, ಬಳೆಯ ಕೆಳಗೆ ಸೇರಿಸಿ ಬಿಗಿಮಾಡಿದ್ದರು. ಅದು ನನಗೆ ತಿಳಿದದ್ದು ನರಗುಂದದ ದಾರಿಯಲ್ಲಿ.

ಸಂಕ್ರಾಂತಿ ಕಳೆದ ವಾರ. ನರಗುಂದದಲ್ಲಿ ತಂಗಿಯ ಮಗಳ ಕುಬಸ. ಸೀರೆಯ ಗಂಟಿನ ಜಾಗದಲ್ಲಿ ಅವತ್ತು ನಾನು ಕುಳಿತಿದ್ದೆ, ತೊಡೆಯ ಮೇಲೆ ಉಡಿ ತುಂಬುವ ಸಾಮಾನಿನ ಚೀಲ. ಬೆಣ್ಣಿಹಳ್ಳ ದಾಟಿದ ಮೇಲೆ ಎರಡೂ ಕಡೆ ಎರೆ ಹೊಲ, ಬೆಳೆದು ನಿಂತ ಬಿಳಿಜೋಳ, ಕಿತ್ತು ಒಟ್ಟಿದ ಕಡಲೆ. ರಸ್ತೆಯೋ ದಾರ ಎಳೆದಂತೆ ನೇರ. ನಮ್ಮವರು ಲಾಕ್ ಹಾಕಿ ಬಲಗೈ ಬಿಟ್ಟು ಝಾಡಿಸಿದರು. ಗಾಡಿ ತಾನೇ ಒಂದೇ ಸಮ ಓಡುತ್ತಿತ್ತು. "ನೋಡಿದೇನ, ಹೆಂಗೈತಿ?" ಎಂದು ಹಿಂದಕ್ಕೆ ಕೂಗಿದರು. ಸುಳ್ಳೇಕೆ ಹೇಳಲಿ, ನನಗೂ ಹಿತವೆನಿಸಿತು. ಅವರ ಭುಜದ ಬಿಗಿ ಸಡಿಲಾದದ್ದು ಹಿಂದೆ ಕೂತ ನನಗೆ ತಿಳಿಯುತ್ತಿತ್ತು.

ಮುಂದೆ ಅರ್ಧ ರಸ್ತೆಯಲ್ಲಿ ಯಾರೋ ಕಡಲೆ ಗಿಡ ಹರವಿದ್ದರು. ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಹಾಗೆ ಹರವುವುದು ನಮ್ಮ ಕಡೆ ರೂಢಿ. ಅದನ್ನು ತಪ್ಪಿಸಿ ಬಲಕ್ಕೆ ಹೊರಳುವುದಕ್ಕೂ ಜಾಲಿಗಿಡದ ಮರೆಯಿಂದ ಕುರಿಯ ಹಿಂಡು ರಸ್ತೆಗೆ ಇಳಿಯುವುದಕ್ಕೂ ಸರಿಹೋಯಿತು. ನಮ್ಮವರು ಕ್ಲಚ್ ಹಿಡಿದರು, ಬ್ರೇಕ್ ಹಿಡಿದರು. ಗಾಡಿ ನಿಧಾನವಾಯಿತು, ಆದರೆ ಎಂಜಿನ್ನು ಹುಚ್ಚು ಹಿಡಿದಂತೆ ಕಿರಿಚಿಕೊಳ್ಳತೊಡಗಿತು. ಅವರು ಗಾಬರಿಯಾಗಿ ಕ್ಲಚ್ ಸಡಿಲು ಬಿಟ್ಟರು ನೋಡಿ, ಗಾಡಿ ಮುಂದಕ್ಕೆ ಚಿಮ್ಮಿತು! "ಕೀಲಿ, ಕೀಲಿ ತಿರುವ್ರೀ!" ಎಂದು ನಾನು ಚೀರಿದ್ದಷ್ಟೇ ನೆನಪು. ಕೀಲಿ ತಿರುವಿದ್ದರು. ಕಡಲೆ ಹೊಟ್ಟಿನ ಮೇಲೆ ಜಾರಿ, ಗಾಡಿ ಒಂದು ಕಡೆ, ನಾವು ಒಂದು ಕಡೆ. ನಿಧಾನವಾಗಿದ್ದರಿಂದ ಮೊಣಕಾಲು ತರಚಿದ್ದಷ್ಟೇ. ಅವರ ತಲೆಗೆ ಹೆಲ್ಮೆಟ್ಟಿತ್ತು, ನನ್ನ ತಲೆಗೆ ಬರೀ ಸೆರಗು. ಕುರಿಗಳಿಗೇನೂ ಆಗಲಿಲ್ಲ. ಕುರಿ ಕಾಯುವ ಅಜ್ಜ ಓಡಿಬಂದು ನನ್ನನ್ನು ಎಬ್ಬಿಸಿದವನೇ ನಮ್ಮವರ ಕಡೆ ತಿರುಗಿ, "ಯಾಕೋ ತಮ್ಮಾ, ಮನುಷ್ಯಾರನ್ನ ಕುಂದ್ರಿಸಿಕೊಂಡು ಹಿಂಗ ಹೊಡೀತಾರೇನು?" ಎಂದು ಬೈದ. ಒಂದು ಮಾತೂ ತಪ್ಪಾಗಿರಲಿಲ್ಲ.

ಎಷ್ಟೋ ದಿನ ಅದನ್ನೇ ಯೋಚಿಸಿದೆ. ನಮ್ಮವರು ಹುಂಬರಲ್ಲ, ಮೂವತ್ತು ವರ್ಷದಿಂದ ಗಾಡಿ ಹೊಡೆದವರು. ಆದರೆ ಆ ಮೂವತ್ತು ವರ್ಷ ಅವರ ಕೈ ಕಲಿತದ್ದು ಒಂದೇ: ಬಿಟ್ಟರೆ ನಿಲ್ಲುತ್ತದೆ. ಲಾಕ್ ಹಾಕಿದ ಗಾಡಿ ಹೇಳುವುದು ಇದರ ತಿರುಗುಮುರುಗು: ಬಿಟ್ಟರೆ ಓಡುತ್ತದೆ, ತಿರುವಿದರೆ ಮಾತ್ರ ನಿಲ್ಲುತ್ತದೆ. ತಲೆ ಅದನ್ನು ಒಂದು ದಿನದಲ್ಲಿ ಕಲಿತೀತು, ಕೈ ಕಲಿಯುವುದಿಲ್ಲ. ಗಾಬರಿಯ ಗಳಿಗೆಯಲ್ಲಿ ಕೆಲಸ ಮಾಡುವುದು ತಲೆಯಲ್ಲ, ಕೈ. ಅದರ ಮೇಲೆ ಜಾರಬೇಕಾದ ಬಳೆ ಜಾರದಂತೆ ಟ್ಯೂಬು ಬೇರೆ! ಕುಕ್ಕರಿನ ಸೇಫ್ಟಿ ವಾಲ್ವು ಸೋರುತ್ತದೆಂದು ಅದಕ್ಕೆ ಹಿಟ್ಟು ಮೆತ್ತಿ ಮುಚ್ಚುವ ಹೆಂಗಸು ಯಾರಾದರೂ ಇದ್ದಾಳೆಯೆ?

"ಕಾರಿನಾಗ ಕ್ರೂಸ್ ಕಂಟ್ರೋಲ್ ಇರೋದಿಲ್ಲೇನು?" ಎಂದು ಮಗ ವಾದ ಹೂಡಿದ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಹುಡುಕಿ ಅದರ ಕತೆ ಓದಿ ಹೇಳಿದಳು. ಅದನ್ನು ಕಂಡುಹಿಡಿದಾತ ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರು. ಚಿಕ್ಕಂದಿನಲ್ಲೇ ಎರಡೂ ಕಣ್ಣು ಕಳೆದುಕೊಂಡ ಮನುಷ್ಯ! ಅವರ ವಕೀಲರು ಕಾರು ನಡೆಸುವಾಗ ಮಾತಾಡುತ್ತ ನಿಧಾನ ಮಾಡುವರು, ಮಾತು ಕೇಳುತ್ತ ಜೋರು ಮಾಡುವರು. ಪಕ್ಕದಲ್ಲಿ ಕೂತು ಆ ಜಗ್ಗಾಟ ತಿಂದೇ ಟೀಟರರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಬಂತು. ನಡೆಸುವವನಿಗೆ ತಿಳಿಯದ್ದು ಪಕ್ಕದಲ್ಲಿ ಕೂತವನಿಗೆ ತಿಳಿಯುತ್ತದೆ ಎಂಬುದನ್ನು ನಾನು ಬಹಳ ಒಪ್ಪಿದೆ.

ಆದರೆ ಮಗ ಒಂದು ವ್ಯತ್ಯಾಸ ಮರೆತಿದ್ದ. ಕಾರಿನ ಸಾಧನ ಕಾಯುವುದು ವೇಗವನ್ನು. ಏರು ಬಂದರೆ ಹೆಚ್ಚು ರೇಸ್ ಕೊಡುತ್ತದೆ, ಇಳಿಜಾರಿನಲ್ಲಿ ಕಡಿಮೆ ಮಾಡುತ್ತದೆ, ಬ್ರೇಕ್ ಒತ್ತಿದ ಕೂಡಲೇ ತಾನೇ ಕಳಚಿಕೊಳ್ಳುತ್ತದೆ. ಸೈಕಲ್‌ಮೋಟರಿನ ಈ ಬಳೆ ಕಾಯುವುದು ಹಿಡಿಯನ್ನು ಮಾತ್ರ. ಅದಕ್ಕೆ ಏರೂ ತಿಳಿಯದು, ಇಳಿಜಾರೂ ತಿಳಿಯದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿ ವಿದ್ಯುತ್ತಿನ ರೆಕ್ಕೆಗಳನ್ನು ತಿರುಗಿಸುವಂಥ ಗಾಳಿ ಆಷಾಢದಲ್ಲಿ ಎದುರಾದರೆ ಲಾಕ್ ಹಾಕಿದ ಗಾಡಿ ಸೊರಗುತ್ತದೆ. ಇಳುಕಲಿಗೆ ಬಿದ್ದರೆ ಕುರಿ ಹಿಂಡಿಗೇ ನುಗ್ಗುತ್ತದೆ.

ಕುಬಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು. "ಲಾಕು ಬ್ಯಾಡ ಅಂದ್ರ ಕೈ ನಡಿಯೂದಿಲ್ಲ, ಕೈ ನಡೀಲಿಲ್ಲಂದ್ರ ವ್ಯಾಪಾರ ಇಲ್ಲ. ಏನ್ ಮಾಡಲಿ ಹೇಳು?" ಎಂದರು. ಅವರ ದನಿ ಒಡೆದಿತ್ತು. ಐವತ್ತು ದಾಟಿದ ಗಂಡಸು ಹೆಂಡತಿಯ ಮುಂದೆ ತನ್ನ ಕೈ ಸೋತಿತೆಂದು ಒಪ್ಪುವುದು ಸಣ್ಣ ಮಾತಲ್ಲ. ಮೂರು ತಿಂಗಳಿನಿಂದ ರಾತ್ರಿ ಝಾಡಿಸಿದ್ದು ಬರೀ ಜೋಮನ್ನಲ್ಲ, ಈ ಹೆದರಿಕೆಯನ್ನೂ ಎಂದು ಆಗ ತಿಳಿಯಿತು. "ಕೈಗೆ ಏನಾಗೇತಿ ಅಂತ ಮೊದಲ ತೋರಸೂಣು. ಲಾಕಿನ ಮಾತು ಆಮ್ಯಾಲೆ" ಎಂದೆ.

ಗದಗಿಗೆ ಹೋದೆವು. ಡಾಕ್ಟರು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಕಿರುಬೆರಳು ಮಾತ್ರ ನೆಟ್ಟಗಿತ್ತು. "ಮಣಿಕಟ್ಟಿನಲ್ಲಿ ಎಲುಬು ಮತ್ತು ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಓಣಿ ಇದೆ. ಅದರೊಳಗೆ ಬೆರಳು ಮಡಿಸುವ ಒಂಬತ್ತು ಹುರಿಗಳು ಮತ್ತು ಒಂದು ನರ ಹೋಗುತ್ತವೆ. ಹುರಿಗಳು ಬಾತರೆ ನರ ಸಿಕ್ಕಿ ಅದುಮುತ್ತದೆ. ಇದಕ್ಕೆ ಕಾರ್ಪಲ್ ಟನೆಲ್ ಎನ್ನುತ್ತೇವೆ" ಎಂದು ಬಿಡಿಸಿ ಹೇಳಿದರು. ಮಣಿಕಟ್ಟು ಮಡಿಸಿಕೊಂಡು ಬಿಗಿಯಾಗಿ ಹಿಡಿಯುವ ಕೆಲಸ, ಎಂಜಿನ್ನಿನಂಥ ಅದುರಾಟ ಇದನ್ನು ಹೆಚ್ಚಿಸುತ್ತವಂತೆ. ಸಕ್ಕರೆ ಕಾಯಿಲೆ, ಥೈರಾಯಿಡ್ ಇದ್ದವರಿಗೂ ಬರುತ್ತದಂತೆ. ರಾತ್ರಿ ನಿದ್ದೆಯಲ್ಲಿ ಮಣಿಕಟ್ಟು ಮಡಿಚಿಕೊಳ್ಳುವುದರಿಂದಲೇ ಆಗ ಜೋಮು ಹೆಚ್ಚು. ಬಿಟ್ಟರೆ ಹೆಬ್ಬೆರಳಿನ ಬುಡದ ಸ್ನಾಯು ಸೊರಗಿ, ಕಪ್ಪು ಬಸಿಯಲ್ಲ, ಅಂಗಿಯ ಗುಂಡಿಯೂ ಕೈಗೆ ಸಿಗದಂತಾಗಬಹುದು.

ಆಮೇಲೆ ಒಂದು ಪರೀಕ್ಷೆ ಮಾಡಿಸಿದರು. ಎರಡೂ ಕೈ ಎದೆಯ ಮುಂದೆ ತಂದು, ಬೆರಳು ಕೆಳಗೆ ಮಾಡಿ, ಮುಂಗೈಗೆ ಮುಂಗೈ ತಾಗಿಸಿ ಒಂದು ನಿಮಿಷ ಹಿಡಿಯಬೇಕು. ನಮಸ್ಕಾರದ ತಿರುಗುಮುರುಗು ಅನ್ನಿ. ಪಕ್ಕದ ಕುರ್ಚಿಯಲ್ಲಿ ಕೂತ ನಾನು ಸುಮ್ಮನೆ ಕುತೂಹಲಕ್ಕೆ ಚೀಲ ಕೆಳಗಿಟ್ಟು ಅವರಂತೆಯೇ ಮಾಡಿದೆ. ಅರ್ಧ ನಿಮಿಷವಾಗಿರಲಿಲ್ಲ, ನನ್ನ ಬಲಗೈಯ ಮೂರು ಬೆರಳಿನೊಳಗೆ ಇರುವೆ ಹರಿದಾಡತೊಡಗಿದವು! ಡಾಕ್ಟರು ಓರೆಗಣ್ಣಿನಿಂದ ನೋಡುತ್ತಿದ್ದರು. "ನಿಮಗೂ ಬರ್ತದೇನಮ್ಮಾ?" ಎಂದರು.

ನಾನು "ಏನಿಲ್ಲ" ಎಂದೆ.

ಹೌದು, ನಾನೂ ಅದೇ ಮಾತು ಹೇಳಿದೆ. ಆಮೇಲೆ ನಗು ಬಂತು, ಅಳುವೂ ಬಂತು. ಹದಿನೆಂಟನೆಯ ವಯಸ್ಸಿನಿಂದ ರೊಟ್ಟಿ ಬಡಿದ ಕೈ ಇದು. ಸುಡುವ ನೀರು ಹಾಕಿ ಹಿಟ್ಟು ನಾದಿ, ಹಲಗೆಯ ಮೇಲೆ ತಿರುಗಿಸಿ ತಿರುಗಿಸಿ ಬಡಿದು, ದಿನಕ್ಕೆ ಇಪ್ಪತ್ತು ರೊಟ್ಟಿ; ಹಬ್ಬ, ಜಾತ್ರೆ, ಹೊಲದ ಆಳು ಇದ್ದರೆ ಐವತ್ತು. ರೊಟ್ಟಿಯ ನಂತರ ಅರಿವೆ ಹಿಂಡಬೇಕು. ಮುಂಜಾನೆ ನನ್ನ ಬೆರಳು ಮರಗಟ್ಟಿ, ಸೂಜಿಗೆ ದಾರ ಪೋಣಿಸಲಾಗದೆ ಮಗಳನ್ನು ಕರೆಯುವುದು ಎರಡು ವರ್ಷದಿಂದ ನಡೆದಿತ್ತು. ಕಣ್ಣು ಮಂಜಾಗಿದೆ ಎಂದು ನಾನೇ ನಂಬಿದ್ದೆ. ಈ ಬೇನೆ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಎಂದು ಅದೇ ಡಾಕ್ಟರು ಹೇಳಿದರು. ಗಂಡಸಿನ ಕೈ ಸೋತರೆ ವ್ಯಾಪಾರ ನಿಲ್ಲುತ್ತದೆ, ಆದ್ದರಿಂದ ಕೊರಿಯರಿನಲ್ಲಿ ಸಾಮಾನು ಬರುತ್ತದೆ. ಹೆಂಗಸಿನ ಕೈ ಸೋತರೂ ರೊಟ್ಟಿ ನಿಲ್ಲುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಯಾರನ್ನೂ ಬೈಯಲು ಹೇಳುತ್ತಿಲ್ಲ, ನನಗೇ ತಿಳಿದಿರಲಿಲ್ಲವಲ್ಲ!

ಬಸ್ಸಿನಲ್ಲಿ ಬರುವಾಗ ನಮ್ಮವರು ಕಿಟಕಿಯ ಹೊರಗೆ ನೋಡುತ್ತ, "ಡಾಕ್ಟರ್ ಮುಂದ ಸುಳ್ಳ ಯಾಕ ಹೇಳಿದಿ?" ಎಂದು ಮೆಲ್ಲಗೆ ಕೇಳಿದರು. ಅವರೂ ನೋಡಿದ್ದರು! "ನಿಮ್ಮ ಕಡಿಂದನ ಕಲತೇನಿ" ಎಂದೆ. ಮುಂದಿನ ವಾರ ಅವರೇ ಕರೆದುಕೊಂಡು ಹೋಗಿ ನನ್ನ ಕೈಯನ್ನೂ ತೋರಿಸಿದರು. ಇಬ್ಬರಿಗೂ ನರದ ಪರೀಕ್ಷೆಯಾಯಿತು. ಇಬ್ಬರದೂ ಇನ್ನೂ ಆಪರೇಶನ್ನಿನ ಮಟ್ಟಕ್ಕೆ ಹೋಗಿರಲಿಲ್ಲ. ರಾತ್ರಿ ಮಣಿಕಟ್ಟು ನೇರ ಹಿಡಿಯುವ ಪಟ್ಟಿ ಕಟ್ಟಿಕೊಂಡು ಮಲಗಬೇಕು, ಕೈಗೆ ಕೆಲಸದ ನಡುವೆ ಬಿಡುವು ಕೊಡಬೇಕು ಎಂದರು.

ಇನ್ನು ಗಾಡಿಯ ಮಾತು. ಬಿದ್ದ ಗಾಡಿಯನ್ನು ಮಿಸ್ತ್ರಿಗೆ ತೋರಿಸಿದೆವು. ಅವರು ಬಳೆಯ ಗೊಡವೆಗೇ ಹೋಗದೆ ಮೊದಲು ಹಿಡಿಯನ್ನು ಬರಿಗೈಯಿಂದ ತಿರುವಿ ನೋಡಿ, "ಸಾವಕಾರ್ರ, ಈ ಕೇಬಲ್ ಯಾವಾಗ ಹಾಕಿಸಿದ್ರಿ?" ಎಂದರು. ನಮ್ಮವರಿಗೆ ನೆನಪಿಲ್ಲ. ಕೇಬಲ್ಲು ಬಿಚ್ಚಿದರೆ ಒಳಗೆ ಎರೆಮಣ್ಣಿನ ಧೂಳು ಮೆತ್ತಿ, ತಂತಿ ತುಕ್ಕು ಹಿಡಿದು, ಎರಡು ಎಳೆ ಹರಿದಿದ್ದವು. ಹಿಡಿಯ ಒಳಗೂ ಹಾಗೇ ಜಿಡ್ಡು. "ಇಷ್ಟು ದಿನ ನೀವು ಜಗ್ಗಿದ್ದು ಸ್ಪ್ರಿಂಗ್ ಅಲ್ಲರೀ, ತುಕ್ಕು! ಹೊಸಾ ಕೇಬಲ್ಲಿನ ರೊಕ್ಕ ಉಳಿಸಾಕ ಹೋಗಿ ಕೈ ಕೆಡಿಸಿಕೊಂಡ್ರಿ" ಎಂದರು.

ಹೊಸ ಕೇಬಲ್ಲು ಹಾಕಿದರು. ಹಿಡಿಯೊಳಗಿನ ಪೈಪು ಒರೆಸಿ ತುಸು ಗ್ರೀಸು ಸವರಿದರು. ಸವೆದ ಹಿಡಿ ತೆಗೆದು ಮೆತ್ತನೆಯ ಹೊಸ ಹಿಡಿ ಕೂಡಿಸಿದರು. ಕೇಬಲ್ಲಿಗೆ ತುಸು ಸಡಿಲು ಇಡಬೇಕಂತೆ. ರೇಸ್ ಹತ್ತುವ ಮೊದಲು ಹಿಡಿ ಎರಡರಿಂದ ಆರು ಮಿಲಿಮೀಟರಿನಷ್ಟು ಖಾಲಿ ತಿರುಗಬೇಕು. ಆಮೇಲೆ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಚಾಲು ಮಾಡಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿದರು. ರೇಸ್ ತಾನೇ ಏರಿದರೆ ಕೇಬಲ್ಲು ಬಿಗಿಯಾಯಿತೆಂದೇ ಅರ್ಥ. ಏರಲಿಲ್ಲ. ಹಿಡಿ ತಿರುವಿ ಬಿಟ್ಟರೆ ಟಕ್ಕನೆ ಹಿಂದಕ್ಕೆ ಹೋಯಿತು. ನನ್ನ ಜೋಮು ಹಿಡಿದ ಎರಡು ಬೆರಳಿನಿಂದ ನಾನೂ ತಿರುವಿ ನೋಡಿದೆ, ಬೆಣ್ಣೆಯಂತೆ ತಿರುಗಿತು!

ಬಾಲದ ಬಳೆಯನ್ನು ಮಿಸ್ತ್ರಿ ಒಗೆಯಲಿಲ್ಲ. ತೂಗಿ ನೋಡಿ ಹೇಳಿದರು. "ಇದರಾಗ ತಪ್ಪಿಲ್ಲ. ಟ್ಯೂಬಿಲ್ಲದ, ಎರಡು ಬೆರಳಿನಿಂದ ಮುಚ್ಚುವಷ್ಟು ಸಡಿಲ ಇದ್ರ, ಮೈಲುಗಟ್ಟಲೆ ಖಾಲಿ ಹೆದ್ದಾರ್ಯಾಗ ಒಬ್ಬರ ಹೋಗುವಾಗ ಅರ್ಧ ನಿಮಿಷ ಕೈ ಸಡಿಲ ಮಾಡಾಕ ಆದೀತು. ಊರಾಗ ಬ್ಯಾಡ, ಮಳ್ಯಾಗ ಬ್ಯಾಡ, ಗುಡ್ಡದಾಗ ಬ್ಯಾಡ, ಹಿಂದ ಅಕ್ಕಾರು ಕುಂತಾಗಂತೂ ಬ್ಯಾಡೇ ಬ್ಯಾಡ. ಆದ್ರ ನಮ್ಮ ದಾರಿ ಹೆಂಗದಾವ ನಿಮಗ ಗೊತ್ತು. ಪಟ್ಟಿ ಹಾಕಸ್ರಿ." ನಮ್ಮವರು ಒಂದು ಗಳಿಗೆ ಬಳೆಯನ್ನು ನೋಡಿದರು, ಆಮೇಲೆ ತಾವೇ ಅದನ್ನು ಕಿಸೆಗೆ ಹಾಕಿಕೊಂಡರು.

ಈಗ ಗಾಡಿಗಿರುವುದು ಅಂಗೈ ಊರುವ ಪಟ್ಟಿ. ಬೆರಳಿನಿಂದ ಹಿಂಡಿ ಹಿಡಿಯುವ ಬದಲು ಅಂಗೈಯ ಭಾರದಿಂದ ರೇಸ್ ನಿಲ್ಲುತ್ತದೆ. ಕೈ ಎತ್ತಿದರೆ ಸ್ಪ್ರಿಂಗು ತಾನೇ ಮುಚ್ಚುತ್ತದೆ. ಬಿಟ್ಟರೆ ನಿಲ್ಲುವ ಹಳೆಯ ಪಾಠವನ್ನು ಕೈ ಮರೆಯಬೇಕಾಗಿಲ್ಲ. ಅದನ್ನು ಕೂಡಿಸುವಾಗಲೂ ಒಂದು ಜಾಗ್ರತೆ ಬೇಕು: ಪಟ್ಟಿ ತೀರ ಮೇಲಿದ್ದರೆ, ಬ್ರೇಕ್ ಹಿಡಿಯಲು ಬೆರಳು ಚಾಚಿದಾಗ ಅಂಗೈ ಒತ್ತಿ ರೇಸ್ ಏರಿಬಿಡುತ್ತದೆ. ಗಾಡಿ ನಿಲ್ಲಿಸಿಯೇ ಹತ್ತಾರು ಸಲ ಬ್ರೇಕ್ ಹಿಡಿದು ನೋಡಿ ಜಾಗ ಗೊತ್ತು ಮಾಡಬೇಕು. ಇನ್ನೊಂದು ನಿಯಮ ನನ್ನದು: ಅರ್ಧ ತಾಸಿಗೊಮ್ಮೆ ಗಾಡಿ ನಿಲ್ಲಬೇಕು. ಗಜೇಂದ್ರಗಡಕ್ಕೆ ಹೋಗುವಾಗ ಸೂಡಿಯ ಹತ್ತಿರ ಒಂದು ಚಹಾ. ನರಗುಂದದ ದಾರಿಯಲ್ಲಿ ಬೆಣ್ಣಿಹಳ್ಳದ ಆಚೆ ಬೇವಿನಮರದ ನೆರಳು. ಮತ್ತೆ, ಹಿಂದೆ ಕೂಡುವ ನನಗೂ ಒಂದು ಹೆಲ್ಮೆಟ್ಟು ಬಂದಿದೆ. ಕುಬಸಕ್ಕೆ ಮುಡಿದ ಹೂವು ಅಪ್ಪಚ್ಚಿಯಾದರೂ ಚಿಂತೆಯಿಲ್ಲ.

ಸೋದರಿಯರೇ, ನನ್ನ ರೊಟ್ಟಿಗೆ ಯಾವ ಲಾಕೂ ಬರಲಿಲ್ಲ, ಆದರೆ ತುಕ್ಕು ಹಿಡಿದ ಕೇಬಲ್ಲು ಎಲ್ಲಿದೆ ಎಂದು ನಾವೂ ಹುಡುಕಿದೆವು. ದಿನವೂ ಬಡಿಯುವ ಬದಲು ಈಗ ವಾರಕ್ಕೆರಡು ಸಲ ಖಡಕ್ ರೊಟ್ಟಿ ಮಾಡಿ ಡಬ್ಬಿ ತುಂಬುತ್ತೇವೆ. ಹಿಟ್ಟು ನಾದುವುದು ಮಗಳ ಪಾಲಿಗೆ, ರವಿವಾರ ನಮ್ಮವರ ಪಾಲಿಗೆ. ಅರಿವೆ ಹಿಂಡುವುದನ್ನು ಅವರೇ ಕೇಳಿ ತೆಗೆದುಕೊಂಡಿದ್ದಾರೆ. ಡಾಕ್ಟರು ಅವರಿಗೂ ಹಿಂಡಬಾರದು ಎಂದಿದ್ದರಿಂದ ಅರಿವೆಯನ್ನು ಹಿಂಡದೆ ನೀರು ಸೋರುವಂತೆ ಹಗ್ಗದ ಮೇಲೆ ಹಾಗೆಯೇ ಹಾಕುತ್ತಾರೆ. ಒಣಗಲು ಅರ್ಧ ದಿನ ಹೆಚ್ಚು ಬೇಕು, ಬೇಕಾದರೆ ಬೇಕು. ಅವರು ನಾದಿದ ಹಿಟ್ಟಿನಲ್ಲಿ ಗಂಟು ಇರುತ್ತದೆ, ರೊಟ್ಟಿಯ ಅಂಚು ಬಿರಿಯುತ್ತದೆ; ನಾನು ಏನೂ ಅನ್ನುವುದಿಲ್ಲ.

ಮಲಗುವ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆಯಿದೆ. ಹಗಲೆಲ್ಲ ಅದಕ್ಕೆ ಎರಡು ಮಣಿಕಟ್ಟಿನ ಪಟ್ಟಿ ತೂಗುತ್ತವೆ, ದೊಡ್ಡದೊಂದು, ಸಣ್ಣದೊಂದು. ರಾತ್ರಿ ಅವರು ನನ್ನದನ್ನು ಕಟ್ಟುತ್ತಾರೆ, ನಾನು ಅವರದನ್ನು. ಒಂದೇ ಕೈಯಿಂದ ತಮ್ಮದನ್ನು ತಾವೇ ಕಟ್ಟಿಕೊಳ್ಳುವುದು ಕಷ್ಟ. ಜೋಮು ಪೂರ್ತಿ ಹೋಗಿಲ್ಲ, ಇಳಿದಿದೆ. ಎರಡು ಗಂಟೆಗೆ ಎಂದಾದರೊಮ್ಮೆ ಎಚ್ಚರಾದರೆ, "ಏನಾತು?" ಎಂದು ಯಾರು ಕೇಳಿದರೂ, "ಏನಿಲ್ಲ" ಎನ್ನಬಾರದೆಂದು ನಮ್ಮಿಬ್ಬರಲ್ಲಿ ಕರಾರಾಗಿದೆ.